ಊರಾಚೆಯ ದಾರಿ ಊರೊಳಗಾದ ಕಥೆ

ಬಸವೇಶ್ವರನಗರದ ಸುತ್ತಮುತ್ತಲಿನ ಅಂಚೆ ವಿಳಾಸಗಳಲ್ಲಿ ಒಂದು ವಿಚಿತ್ರ ಪದಪುಂಜ ಪದೇ ಪದೇ ಕಾಣಸಿಗುತ್ತದೆ: ‘ವೆಸ್ಟ್ ಆಫ್ ಕಾರ್ಡ್ ರೋಡ್’. ಬೆಂಗಳೂರಿನ ಬಡಾವಣೆಗಳಿಗೆ ಸಾಮಾನ್ಯವಾಗಿ ದೇವರ ಹೆಸರೋ, ದೇಶನಾಯಕರ ಹೆಸರೋ, ಮನೆಗಳ ನಡುವೆ ಕರಗಿಹೋದ ಹಳ್ಳಿಯ ಹೆಸರೋ ಇರುತ್ತದೆ. ಇಲ್ಲಿ ಮಾತ್ರ ಒಂದು ದಿಕ್ಕೂ ಒಂದು ರಸ್ತೆಯೂ ಸೇರಿ ವಿಳಾಸವಾಗಿವೆ. ಕನ್ನಡದಲ್ಲಿ ಬರೆದಾಗ ಈ ‘ಕಾರ್ಡ್’ ಎಂಬುದು ಪಡಿತರದ ಕಾರ್ಡೋ ಅಂಚೆ ಕಾರ್ಡೋ ಎಂದು ಅನುಮಾನ ಬಂದರೆ ತಪ್ಪಲ್ಲ. ಅದು ಬಂದದ್ದು ರೇಖಾಗಣಿತದಿಂದ. ವೃತ್ತದ ಪರಿಧಿಯ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಸರಳರೇಖೆಯನ್ನು ನಮ್ಮ ಶಾಲಾ ಪಠ್ಯಗಳು ‘ಜ್ಯಾ’ ಎನ್ನುತ್ತವೆ. ಬಿಲ್ಲಿನ ಹೆದೆಗೆ ಸಂಸ್ಕೃತದಲ್ಲಿರುವ ಹೆಸರೂ ಅದೇ.

ನಗರವನ್ನು ಒಂದು ವೃತ್ತವೆಂದು ಭಾವಿಸಿಕೊಂಡರೆ ತುಮಕೂರು ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆಗಳು ಅದರ ನಡುವಿನಿಂದ ಹೊರಟ ಗಾಲಿಯ ಅರೆಗಳು. ತುಮಕೂರಿನ ಕಡೆಯಿಂದ ಬಂದ ಲಾರಿ ಮೈಸೂರಿನ ಕಡೆಗೆ ಹೋಗಬೇಕಾದರೆ ನಡುವಿನ ಪೇಟೆಗೆ ಬಂದು ಮತ್ತೆ ಹೊರಡುವ ಅಗತ್ಯವಿಲ್ಲ. ಎರಡು ಅರೆಗಳಿಗೆ ಅಡ್ಡಲಾಗಿ ಒಂದು ಹೆದೆ ಬಿಗಿದರೆ ಸಾಕು. ಯಶವಂತಪುರದ ಸಾಬೂನು ಕಾರ್ಖಾನೆಯ ಬಳಿಯಿಂದ ಹೊರಟು, ರಾಜಾಜಿನಗರದ ಅಂಚಿನಲ್ಲೇ ಸಾಗಿ, ಮಾಗಡಿ ರಸ್ತೆಯನ್ನು ಟೋಲ್‌ಗೇಟ್ ಬಳಿ ದಾಟಿ, ವಿಜಯನಗರ, ಅತ್ತಿಗುಪ್ಪೆಗಳ ಮೂಲಕ ಮೈಸೂರು ರಸ್ತೆಗೆ ಇಳಿಯುವ ಕಾರ್ಡ್ ರಸ್ತೆಯ ಉದ್ದೇಶ ಅದರ ಹೆಸರಿನಲ್ಲಿಯೇ ಇದೆ. ಊರನ್ನು ಮುಟ್ಟದೆ ಊರನ್ನು ದಾಟಿಸುವ ದಾರಿ ಅದು. ಆ ದಾರಿಯ ಆಚೆಗೆ, ಪಶ್ಚಿಮಕ್ಕೆ, ಇಂದು ಒಂದು ಇಡೀ ಊರೇ ಇದೆ. ಬಸವೇಶ್ವರನಗರ ಆ ಊರಿನ ಒಂದು ಭಾಗ.

ಭಾರದ ವಾಹನವನ್ನು ಹೊರಗಿಡಲು ರಸ್ತೆ ಮಾಡುವುದು, ಆ ರಸ್ತೆಯನ್ನೇ ಹಾರಿ ಊರು ಆಚೆಗೆ ಹೋಗಿ ನೆಲೆಸುವುದು, ಮತ್ತೊಂದು ರಸ್ತೆಗಾಗಿ ಇನ್ನಷ್ಟು ಹೊರಗೆ ಗೆರೆ ಎಳೆಯುವುದು: ಪಶ್ಚಿಮ ಬೆಂಗಳೂರಿನ ಕಳೆದ ಮುಕ್ಕಾಲು ಶತಮಾನದ ಚರಿತ್ರೆಯನ್ನು ಹೀಗೆ ಒಂದು ಲಾರಿಯ ದಾರಿಯಾಗಿಯೂ ಓದಬಹುದು.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆನ್ನುವ ಪೇಟೆಗೆ ಇಂಥ ಚಿಂತೆ ಇರಲಿಲ್ಲ. ನಾಲ್ಕು ನೇಗಿಲುಗಳಿಗೆ ಬಿಳಿ ಎತ್ತು ಹೂಡಿ ನಾಲ್ಕು ದಿಕ್ಕಿಗೆ ಉತ್ತ ಸಾಲುಗಳೇ ಮೊದಲ ಬೀದಿಗಳಾದವೆಂಬುದು ಐತಿಹ್ಯ. ಅದು ನಿಜವಿರಲಿ ಬಿಡಲಿ, ಬೀದಿಯ ಅಗಲಕ್ಕೆ ಎತ್ತೇ ಅಳತೆಗೋಲೆಂಬುದನ್ನು ಅದು ಸರಿಯಾಗಿಯೇ ಹೇಳುತ್ತದೆ. ಹಲಸೂರು, ಯಲಹಂಕ, ಆನೇಕಲ್, ಸೊಂಡೆಕೊಪ್ಪ ಬಾಗಿಲುಗಳಿಂದ ಒಳಗೆ ಬಂದ ಸರಕು ತನ್ನ ತನ್ನ ಪೇಟೆಗೇ ಹೋಗಿ ಇಳಿಯುತ್ತಿತ್ತು: ಅಕ್ಕಿ ಅಕ್ಕಿಪೇಟೆಗೆ, ಹತ್ತಿ ಅರಳೆಪೇಟೆಗೆ, ಧಾನ್ಯ ತರಗುಪೇಟೆಗೆ. ಲಂಬಾಣಿಗರ ಹೇರೆತ್ತಿನ ಸಾಲಿಗಾಗಲಿ ಒಂಟಿ ಬಂಡಿಗಾಗಲಿ ಆ ಬೀದಿಗಳು ಸಾಕಾಗಿದ್ದವು. ಅಲ್ಲಿ ಸರಕು ಊರಿನ ಅತಿಥಿ. ಊರಿಗೆ ಸಂಬಂಧವಿಲ್ಲದ ಸರಕು ಊರೊಳಗೆ ಹಾದುಹೋಗುವ ಪ್ರಶ್ನೆಯೇ ಬಹುಮಟ್ಟಿಗೆ ಇರಲಿಲ್ಲ.

ಆ ಪ್ರಶ್ನೆ ಬೇರೆ ಊರುಗಳಿಗೆ ಬಹಳ ಹಿಂದೆಯೇ ಎದುರಾಗಿತ್ತು. ಕ್ರಿಸ್ತಪೂರ್ವ 45ರ ಸುಮಾರಿಗೆ ಜೂಲಿಯಸ್ ಸೀಸರನ ಹೆಸರಿನಲ್ಲಿ ಜಾರಿಯಾದ ಶಾಸನ ಸೂರ್ಯೋದಯದಿಂದ ಹಗಲಿನ ಹತ್ತನೆಯ ತಾಸಿನವರೆಗೆ, ಅಂದರೆ ಇಳಿಹೊತ್ತಿನತನಕ, ರೋಮ್ ನಗರದೊಳಗೆ ಭಾರದ ಬಂಡಿಗಳನ್ನು ನಿಷೇಧಿಸಿತು. ದೇವಾಲಯ ಕಟ್ಟುವ ಸಾಮಗ್ರಿಯಂಥ ಕೆಲವಕ್ಕೆ ವಿನಾಯಿತಿ ಇತ್ತು. ಫಲವಾಗಿ ಬಂಡಿಗಳೆಲ್ಲ ರಾತ್ರಿಗೆ ಸರಿದವು. ಒಂದೂವರೆ ಶತಮಾನದ ನಂತರ ಕವಿ ಜುವೆನಾಲ್, ಬಂಡಿಗಳ ಗದ್ದಲದಲ್ಲಿ ರೋಮಿನಲ್ಲಿ ನಿದ್ದೆ ಮಾಡುವುದೇ ಅಸಾಧ್ಯವೆಂದು ಗೊಣಗಿದ. ಜನಸಂದಣಿಯ ಹೊತ್ತಿನಲ್ಲಿ ಭಾರಿ ಸರಕು ವಾಹನಗಳಿಗೆ ಬೆಂಗಳೂರಿನಲ್ಲಿರುವ ನಿರ್ಬಂಧ ಇದೇ ವಂಶದ್ದು. ವೇಳೆ ಆಗಾಗ ಬದಲಾದರೂ ತತ್ವ ಬದಲಾಗಿಲ್ಲ. ರಾತ್ರಿ ಹತ್ತರ ಮೇಲೆ ಮನೆಯ ಗಾಜು ಅದುರುವುದನ್ನು ಕೇಳಿ ಮಲಗುವ ಹೆದ್ದಾರಿ ಬದಿಯ ನಿವಾಸಿಗೆ ಜುವೆನಾಲನ ಕಷ್ಟ ಅರ್ಥವಾಗುತ್ತದೆ.

ಲಂಡನ್ ನಗರ ಇನ್ನೊಂದು ದಾರಿ ಹಿಡಿಯಿತು. ಸ್ಮಿತ್‌ಫೀಲ್ಡ್ ಮಾರುಕಟ್ಟೆಗೆ ಅಟ್ಟಿಕೊಂಡು ಬರುವ ದನಗಳ ಹಿಂಡು ಊರ ಬೀದಿಗಳನ್ನು ತುಂಬುತ್ತಿದ್ದುದನ್ನು ತಪ್ಪಿಸಲು 1756ರಲ್ಲಿ ಊರಿನ ಉತ್ತರಕ್ಕೆ, ಹೊಲಗಳ ನಡುವೆ ‘ಹೊಸ ರಸ್ತೆ’ಗೆ ಸಂಸತ್ತಿನ ಅನುಮತಿ ದೊರೆಯಿತು. ಇಂದು ಅದೇ ಮೇರಿಲಬೋನ್, ಯೂಸ್ಟನ್, ಪೆಂಟನ್‌ವಿಲ್ ರಸ್ತೆಗಳಾಗಿ ಲಂಡನ್ನಿನ ಗರ್ಭದಲ್ಲಿದೆ. ದನಗಳಿಗಾಗಿ ಮಾಡಿದ ಊರಾಚೆಯ ದಾರಿ ಮಹಾನಗರದ ನಟ್ಟನಡುವಿನ ಬೀದಿಯಾಗಲು ನೂರು ವರ್ಷ ಬೇಕಾಯಿತು. ಬೆಂಗಳೂರಿಗೆ ಅಷ್ಟು ವ್ಯವಧಾನವಿರಲಿಲ್ಲ.

ಪಶ್ಚಿಮ ಬೆಂಗಳೂರು ಕೈಗಾರಿಕೆಯ ಬೆಂಗಳೂರು. 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯ ಕಾಲದಲ್ಲಿ, ಆಗಿನ ಗವರ್ನರ್ ಜನರಲ್ ರಾಜಾಜಿಯವರ ಹೆಸರು ಹೊತ್ತು ಬೆಳೆದ ರಾಜಾಜಿನಗರವನ್ನು ಕೈಗಾರಿಕಾ ಉಪನಗರವೆಂದೇ ಕಲ್ಪಿಸಲಾಗಿತ್ತು. ಕಿರ್ಲೋಸ್ಕರ್ ವಿದ್ಯುತ್ ಯಂತ್ರಗಳ ಕಾರ್ಖಾನೆ, ಗಂಧದ ಸಾಬೂನಿನ ಕಾರ್ಖಾನೆ, ಸಣ್ಣಪುಟ್ಟ ಲೇತ್ ಯಂತ್ರಗಳ ನೂರಾರು ಕೊಟ್ಟಿಗೆಗಳು; ಉತ್ತರಕ್ಕೆ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಬಿಇಎಲ್; ಅನಂತರ ಪೀಣ್ಯ. ಯಶವಂತಪುರದಲ್ಲಿ ಕೃಷಿ ಮಾರುಕಟ್ಟೆಯ ಪ್ರಾಂಗಣವೂ ದೇವರಾಜ ಅರಸು ಹೆಸರಿನ ಲಾರಿ ನಿಲ್ದಾಣವೂ ಬಂದವು. ಇವೆಲ್ಲಕ್ಕೂ ಕಬ್ಬಿಣ, ಕಲ್ಲಿದ್ದಲು, ಅಕ್ಕಿ, ಈರುಳ್ಳಿ ಹೊತ್ತು ತರುತ್ತಿದ್ದುದು ಪುಣೆ, ಹುಬ್ಬಳ್ಳಿಗಳ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 4. ಅದಕ್ಕೆ 2010ರ ಮರುಸಂಖ್ಯೆಯಲ್ಲಿ 48 ಎಂದು ಹೆಸರಾಯಿತು. ಹಾಸನದ ಮೇಲೆ ಮಂಗಳೂರಿಗೆ ಹೋಗುವ ಬೇರೆ ಹೆದ್ದಾರಿಗೆ ಹಿಂದೆ ಇದ್ದ ಸಂಖ್ಯೆಯೂ 48 ಆಗಿದ್ದರಿಂದ ಹಳೆಯ ಚಾಲಕರು ಇಂದಿಗೂ ಸಂಖ್ಯೆಗಿಂತ ಊರಿನ ಹೆಸರನ್ನೇ ನಂಬುವುದು ಸಹಜ. ಕಾರ್ಖಾನೆಗೆ ಬಂದ ಕಾರ್ಮಿಕನಿಗೆ ಮನೆ ಬೇಕು. ಮನೆಗೆ ಅಗ್ಗದ ನೆಲ ಸಿಕ್ಕುವುದು ರಸ್ತೆಯ ಆಚೆ. ಕಾರ್ಡ್ ರಸ್ತೆಯನ್ನು ಊರು ದಾಟಿದ್ದು ಹೀಗೆ. ಕುರುಬರಹಳ್ಳಿ, ಕಾಮಾಕ್ಷಿಪಾಳ್ಯಗಳಂಥ ಹಳ್ಳಿಗಳ ನಡುವಿನ ಹೊಲಗಳಲ್ಲಿ ಬಸವೇಶ್ವರನಗರ, ಕಮಲಾನಗರ, ಗೃಹಮಂಡಳಿಯ ಕಾಲೊನಿಗಳು ಎದ್ದವು. ಆಮೇಲೆ ಕಾರ್ಡ್ ರಸ್ತೆಯ ಮೇಲೆ ಶಾಲೆಗೆ ಹೋಗುವ ಮಕ್ಕಳೂ ತರಕಾರಿಯ ಗಾಡಿಗಳೂ ಹತ್ತು ಗಾಲಿಯ ಲಾರಿಗಳೂ ಒಂದೇ ಹಾದಿಗೆ ಹಕ್ಕುದಾರರಾದರು.

ಈ ಹಾದಿ ಸಮತಟ್ಟೂ ಅಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆನೀರು ದಕ್ಷಿಣ ಪಿನಾಕಿನಿಗೆ, ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ತುಮಕೂರು ರಸ್ತೆ ದಿಣ್ಣೆಯ ಎತ್ತರದಲ್ಲಿದ್ದರೆ ಮೈಸೂರು ರಸ್ತೆ ವೃಷಭಾವತಿಯ ಕಣಿವೆಯನ್ನೇ ಹಿಡಿದು ಕೆಂಗೇರಿಯತ್ತ ಸಾಗುತ್ತದೆ. ಇವೆರಡನ್ನು ಸೇರಿಸುವ ಯಾವ ರಸ್ತೆಯೇ ಆಗಲಿ ಎತ್ತರದಿಂದ ಕಣಿವೆಗೆ ಇಳಿಯಲೇಬೇಕು, ಅದೂ ಒಂದೇ ಇಳಿಜಾರಿನಲ್ಲಲ್ಲ. ನಡುನಡುವೆ ಹಳ್ಳಗಳನ್ನು ದಾಟುತ್ತ, ದಿಬ್ಬಗಳನ್ನು ಏರುತ್ತ. 1997ರಲ್ಲಿ ಉದ್ಘಾಟನೆಯಾದ ಇಸ್ಕಾನ್ ದೇವಾಲಯ ನಿಂತಿರುವುದು ಕಾರ್ಡ್ ರಸ್ತೆಯ ಪಕ್ಕದ ಗುಡ್ಡದ ಮೇಲೆ. ಮಹಾಲಕ್ಷ್ಮಿ ಬಡಾವಣೆಯ ಪ್ರಸನ್ನ ವೀರಾಂಜನೇಯನದೂ ಬಂಡೆಯ ಗುಡ್ಡವೇ. ಅಲ್ಲಿಂದ ಸ್ವಲ್ಪ ದೂರದ ಕುರುಬರಹಳ್ಳಿಯ ತಗ್ಗಿಗೆ 2017ರ ಮೇ ತಿಂಗಳ ಮಳೆಯಲ್ಲಿ ರಾಜಕಾಲುವೆಯೇ ನುಗ್ಗಿತು. ಸ್ಕೂಟರಿನಲ್ಲಿ ಹೋಗುವವನಿಗೆ ಈ ಏರಿಳಿತ ಗಮನಕ್ಕೇ ಬಾರದು. ಟ್ರೇಲರ್ ಚಾಲಕನಿಗೆ ಮಾತ್ರ ಅದು ಅಂಗೈ ರೇಖೆಯಷ್ಟು ಪರಿಚಿತ.

ಕಾರಣ ಸರಳ ಲೆಕ್ಕದ್ದು. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ 49 ಟನ್ ತೂಕದ ಗಾಡಿಯನ್ನು ಮೇಲೆಳೆಯಲು, ಬರೀ ಏರಿನ ಸಲುವಾಗಿಯೇ, ಸುಮಾರು ಎರಡೂವರೆ ಟನ್ನಿನಷ್ಟು ಎಳೆತ ಬೇಕು. ವೇಗದಲ್ಲಿ ಬಂದರೆ ಆ ಏರು ಹೇಗೋ ದಾಟುತ್ತದೆ. ಏರಿನ ನಡುವೆ ಕೆಂಪು ದೀಪ ಬಿದ್ದು ನಿಂತರೆ, ನಿಂತಲ್ಲಿಂದ ಎತ್ತುವುದೇ ಕಷ್ಟ. ಹಿಂದಕ್ಕೆ ಒಂದು ಮೊಳ ಜಾರಿದರೂ ಹಿಂದಿನ ಆಟೊರಿಕ್ಷಾದ ಗತಿ ಹೇಳಬೇಕಾಗಿಲ್ಲ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಕುಳಿತರೆ ಅದು ಕಾದು ಹಿಡಿತ ಬಿಡುತ್ತದೆ. ಅನುಭವಸ್ಥರು ಏರಿದ ಗೇರಿನಲ್ಲೇ ಇಳಿಯುತ್ತಾರೆ, ಡೀಸೆಲ್ ಉಳಿಸುವ ಆಸೆಯವರು ನ್ಯೂಟ್ರಲ್‌ಗೆ ಹಾಕಿಕೊಂಡು ಇಳಿಯುತ್ತಾರೆ. ಈ ಎರಡನೆಯವರಿಂದ ಆಗುವ ಅಪಘಾತ ಸಾಮಾನ್ಯವಾಗಿ ‘ಬ್ರೇಕ್ ವಿಫಲ’ ಎಂದು ವರದಿಯಾಗುತ್ತದೆ.

ತಿರುವಿನ ಸಂಗತಿ ಇನ್ನೂ ಸೂಕ್ಷ್ಮ. 40 ಅಡಿಯ ಕಂಟೈನರ್ ಹೊತ್ತ ಟ್ರೇಲರ್, ಮುಂದಿನ ಎಂಜಿನ್ ಗಾಡಿಯೂ ಸೇರಿ, ಸುಮಾರು 16 ಮೀಟರ್ ಉದ್ದವಾಗುತ್ತದೆ. ಅದು ತಿರುಗುವಾಗ ಹಿಂದಿನ ಗಾಲಿಗಳು ಮುಂದಿನವುಗಳ ಜಾಡಿನಲ್ಲಿ ಬರುವುದಿಲ್ಲ. ಮೂಲೆಯನ್ನು ಒಳಕ್ಕೆ ಕತ್ತರಿಸಿಕೊಂಡು ಬರುತ್ತವೆ. ಆದ್ದರಿಂದಲೇ ಎಡಕ್ಕೆ ತಿರುಗಬೇಕಾದ ಚಾಲಕ ಮೊದಲು ಗಾಡಿಯನ್ನು ಬಲಕ್ಕೆ ತೆಗೆದುಕೊಳ್ಳುತ್ತಾನೆ. ಎಡಗಡೆ ಖಾಲಿ ಜಾಗ ಕಂಡಿತೆಂದು ನುಗ್ಗಿದ ದ್ವಿಚಕ್ರ ವಾಹನದವನು ಟ್ರೇಲರಿಗೂ ಪಾದಚಾರಿ ಕಟ್ಟೆಗೂ ನಡುವೆ ಸಿಕ್ಕಿಕೊಳ್ಳುವುದು ಆಗಲೇ. ಚಾಲಕನ ಕನ್ನಡಿಯಲ್ಲಿ ಆ ಮೂಲೆ ಕಾಣುವುದಿಲ್ಲ. ಎಡಬಾಗಿಲಿನಿಂದ ತಲೆ ಹೊರಹಾಕಿ ಬಾಗಿಲು ಬಡಿಯುವ ಕ್ಲೀನರ್ ಹುಡುಗನೇ ಅಲ್ಲಿ ಕನ್ನಡಿ. ಟ್ರೇಲರ್ ದಾರಿಯನ್ನು ಯೋಜಿಸುವವರು ಅಡ್ಡರಸ್ತೆಗಳನ್ನು ಬಿಟ್ಟು, ಎಷ್ಟೇ ಸುತ್ತಾದರೂ ಅಗಲದ ರಸ್ತೆಯನ್ನೇ ಆರಿಸುವುದು ಇದಕ್ಕೆ. ರೈಲ್ವೆ ಕೆಳಸೇತುವೆಯ ಎತ್ತರ, ಜೋತುಬಿದ್ದ ಕೇಬಲ್ಲು, ಮರದ ಕೊಂಬೆ ಇವೂ ಲೆಕ್ಕಕ್ಕೆ ಬರುತ್ತವೆ.

ಕಾರ್ಡ್ ರಸ್ತೆ ಊರೊಳಗಾದ ಮೇಲೆ ಎರಡನೆಯ ಗೆರೆ ಎಳೆಯಲಾಯಿತು. 1996ರಿಂದ 2002ರವರೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹಂತಹಂತವಾಗಿ ನಿರ್ಮಿಸಿದ ಸುಮಾರು 60 ಕಿಲೋಮೀಟರ್ ಉದ್ದದ ಹೊರವರ್ತುಲ ರಸ್ತೆ ಬಸವೇಶ್ವರನಗರದ ಪಶ್ಚಿಮಕ್ಕೆ ಹಾದುಹೋಯಿತು: ಗೊರಗುಂಟೆಪಾಳ್ಯ, ಲಗ್ಗೆರೆ, ಸುಮನಹಳ್ಳಿ, ನಾಗರಬಾವಿ, ನಾಯಂಡಹಳ್ಳಿ. ಹೀಗೆ ಬಸವೇಶ್ವರನಗರ ಒಂದು ಬೈಪಾಸಿನ ಹೊರಗೂ ಇನ್ನೊಂದು ಬೈಪಾಸಿನ ಒಳಗೂ ಇರುವ ಊರಾಯಿತು. ಹೊರವರ್ತುಲ ರಸ್ತೆಯೂ ಕಾರ್ಡ್ ರಸ್ತೆಯ ಜಾಡನ್ನೇ ಹಿಡಿಯಿತು, ಇನ್ನೂ ಬೇಗ. ಇಕ್ಕೆಲದಲ್ಲಿ ಮದುವೆ ಛತ್ರ, ಪೀಠೋಪಕರಣದ ಅಂಗಡಿ, ಕಾಲೇಜು, ಆಸ್ಪತ್ರೆ ಬಂದು, ಅದರ ಹೆಸರಿನಲ್ಲಿರುವ ‘ಹೊರ’ ಎಂಬುದು ಬರೀ ನೆನಪಾಗಿ ಉಳಿಯಿತು.

ಮೂರನೆಯ ಗೆರೆ ಖಾಸಗಿಯವರದು. ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಯ ಭಾಗವಾಗಿ ಬಂದು, ‘ನೈಸ್ ರಸ್ತೆ’ ಎಂದೇ ಹೆಸರಾದ 41 ಕಿಲೋಮೀಟರ್ ಹಾದಿ ತುಮಕೂರು ರಸ್ತೆಯನ್ನು ಹೊಸೂರು ರಸ್ತೆಗೆ ಊರಿನ ಪಶ್ಚಿಮ ಮತ್ತು ದಕ್ಷಿಣದಿಂದ ಜೋಡಿಸಿತು. ಸುಂಕ ಕೊಡಬೇಕು, ಆದರೆ ಸಿಗ್ನಲ್ ಇಲ್ಲ. ಟ್ರೇಲರಿನವನಿಗೆ ಸುಂಕ, ಡೀಸೆಲ್, ಹೊತ್ತು ಈ ಮೂರನ್ನೂ ಕೂಡಿ ಕಳೆದು ನೋಡುವ ಕೆಲಸ. ತೊಡಕಿರುವುದು ಉಳಿದರ್ಧ ವೃತ್ತದಲ್ಲಿ. ದೇಶದ ಮೊದಲ ಒಳನಾಡು ಕಂಟೈನರ್ ಡಿಪೋ 1981ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಅದು ಈಗ ಪೂರ್ವದಂಚಿನ ವೈಟ್‌ಫೀಲ್ಡಿನಲ್ಲಿದೆ. ಕಂಟೈನರ್ ತುಂಬುವ ಕಾರ್ಖಾನೆಗಳಲ್ಲಿ ಹಲವು ಪಶ್ಚಿಮದ ಪೀಣ್ಯದಲ್ಲಿವೆ. ಒಂದನ್ನು ಇನ್ನೊಂದಕ್ಕೆ ತಲುಪಿಸಲು ಉತ್ತರ–ಪೂರ್ವದಲ್ಲಿ ಒಂದು ಹೊರದಾರಿ ಬೇಕೆಂದು ಪೆರಿಫೆರಲ್ ವರ್ತುಲ ರಸ್ತೆಯ ಅಧಿಸೂಚನೆ 2007ರಷ್ಟು ಹಿಂದೆಯೇ ಹೊರಟಿತು. ಪರಿಹಾರದ ಮೊತ್ತದ ಜಗಳದಲ್ಲಿ ಅದು ವರ್ಷಗಟ್ಟಲೆ ಕಾಗದದ ಮೇಲೆಯೇ ಉಳಿಯಿತು. ಅಷ್ಟು ವರ್ಷ ತಮ್ಮ ಜಮೀನನ್ನು ಮಾರಲಾಗದೆ, ಅದರ ಮೇಲೆ ಮನೆ ಕಟ್ಟಲಾಗದೆ ಕುಳಿತ ರೈತರ ಪಾಡು ಬೇರೆಯೇ ಒಂದು ಅಧ್ಯಾಯ. ಲಾರಿಗಳು ಹೆಬ್ಬಾಳದ ಮೂಲಕ ಹಳೆಯ ಹೊರವರ್ತುಲ ರಸ್ತೆಯನ್ನೇ ಬಳಸಿದವು.

ದಾರಿ ಇದ್ದರೂ ಅದು ಹೊರಬೇಕಲ್ಲ! ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ, ರಸ್ತೆಯನ್ನು ಬೇಕೆಂದೇ ಸವೆಸಿ ನೋಡಿದ ಪ್ರಸಿದ್ಧ ಪರೀಕ್ಷೆಯೊಂದು ನಡೆಯಿತು. ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗಾಗುವ ಸವೆತ ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು ಎಂಬುದು ಅದರಿಂದ ತಿಳಿದುಬಂದ ಸೂತ್ರ. ಭಾರತದಲ್ಲಿ 2018ರಲ್ಲಿ ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಸಾಗಣೆದಾರನಿಗೆ ಹೆಚ್ಚಿದ್ದು ಎಂಟರಲ್ಲೊಂದು ಪಾಲಿನಷ್ಟು ಹೊರೆ; ಮೇಲಿನ ಸೂತ್ರ ಹಿಡಿದರೆ ರಸ್ತೆಗೆ ಹೆಚ್ಚಿದ್ದು ಶೇಕಡ 60ರಷ್ಟು ಸವೆತ. ಗುತ್ತಿಗೆದಾರನನ್ನು ಬೈಯುವಾಗ ಈ ಲೆಕ್ಕ ನಮ್ಮ ನೆನಪಿಗೆ ಬರುವುದು ಕಡಿಮೆ.

ಸೇತುವೆಗಳ ಪಾಠ ಇನ್ನೂ ಕಠಿಣವಾಯಿತು. ಸುಮನಹಳ್ಳಿಯ ಮೇಲುಸೇತುವೆಯಲ್ಲಿ 2019ರಲ್ಲಿ ಒಂದು ರಂಧ್ರ ಬಿದ್ದು ಕೆಳಗಿನ ನೆಲ ಕಂಡಿತು. 2022ರಲ್ಲಿ ಮತ್ತೆ ಬಿತ್ತು. ತುಮಕೂರು ರಸ್ತೆಯಲ್ಲಿ 2010ರಲ್ಲಿ ಸಂಚಾರಕ್ಕೆ ತೆರೆದ ಪೀಣ್ಯ ಮೇಲುಸೇತುವೆಯದು ಇದಕ್ಕಿಂತ ದೊಡ್ಡ ಕಥೆ. 2021ರ ಡಿಸೆಂಬರಿನಲ್ಲಿ 102 ಮತ್ತು 103ನೆಯ ಕಂಬಗಳ ನಡುವೆ ಸೇತುವೆಯನ್ನು ಬಿಗಿದು ಹಿಡಿದಿದ್ದ ಉಕ್ಕಿನ ಕೇಬಲ್ಲುಗಳು ತುಕ್ಕು ಹಿಡಿದಿರುವುದು ಪತ್ತೆಯಾಗಿ ಸೇತುವೆಯನ್ನೇ ಮುಚ್ಚಲಾಯಿತು. 2022ರ ಫೆಬ್ರುವರಿಯಲ್ಲಿ ಲಘು ವಾಹನಗಳಿಗೆ ಅವಕಾಶ ಸಿಕ್ಕಿತು. ಭಾರಿ ವಾಹನಗಳು ಮಾತ್ರ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಕೆಳಗಿನ ರಸ್ತೆಯಲ್ಲಿ ತೆವಳಿದವು. ಕಾರ್ಖಾನೆಯ ಪಾಳಿ ಬಿಟ್ಟು ನಡೆದು ಬರುವವರೂ ಬಸ್ಸಿಗೆ ಕಾಯುವವರೂ ಹೊರಊರಿನ ಟ್ರೇಲರುಗಳೂ ಒಂದೇ ಕಿರಿದಾದ ಹಾದಿಯಲ್ಲಿ ಸಿಕ್ಕಿಕೊಂಡರು. ಮೇಲುಸೇತುವೆ ಬೇರ್ಪಡಿಸಿದ್ದ ಎರಡು ಲೋಕಗಳು ಮತ್ತೆ ನೆಲಕ್ಕಿಳಿದು ಬೆರೆತವು. 120 ಅಂಕಣಗಳಿಗೂ ಹೊಸ ಕೇಬಲ್ಲು ಬಿಗಿದು, ಭಾರ ಹೇರಿ ಪರೀಕ್ಷಿಸಿದ ಮೇಲೆ, 2024ರ ಜುಲೈ 29ರಿಂದ ಭಾರಿ ವಾಹನಗಳಿಗೆ ಅನುಮತಿ ಸಿಕ್ಕಿತು. ಅದೂ ಶುಕ್ರವಾರ ಬಿಟ್ಟು. ಆ ದಿನ ಸೇತುವೆಯ ದುರಸ್ತಿಗೆಂದು ಮೀಸಲು. ವಾರದ ದಿನ ನೋಡಿ ದಾರಿ ಗೊತ್ತುಮಾಡುವ ಹೊಸ ಪಂಚಾಂಗವನ್ನು ಲಾರಿಯವರು ಕಲಿಯಬೇಕಾಯಿತು.

ಸೇತುವೆಗೆ ಅಂಜಿ ದಾರಿಯನ್ನೇ ಹೊಸದಾಗಿ ಮಾಡಿದ ಪ್ರಸಂಗವೂ ಬೆಂಗಳೂರಿನ ಪಾಲಿಗಿದೆ. ಈಜಿಪುರದ ದೇವಾಲಯಕ್ಕೆಂದು ಮುನ್ನೂರು ಟನ್ನಿಗೂ ಮೀರಿದ ಏಕಶಿಲೆಯ ವಿಗ್ರಹ 2018ರ ಡಿಸೆಂಬರಿನಲ್ಲಿ ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಕೊರಕೋಟೆಯಿಂದ 240 ಗಾಲಿಗಳ ಟ್ರೇಲರಿನ ಮೇಲೆ ಹೊರಟಿತು. ಟೈರುಗಳು ಒಡೆದವು. ಊರುಗಳಲ್ಲಿ ಅಂಗಡಿ ಮುಂಗಟ್ಟುಗಳನ್ನು ಕೆಡವಬೇಕಾಯಿತು. ಹೊಸೂರಿನ ಕಡೆಯ ಹೊಳೆಯ ಸೇತುವೆ ಈ ಭಾರ ತಾಳದೆಂದು ಪಕ್ಕದಲ್ಲಿ ಮಣ್ಣಿನ ದಾರಿ ಹಾಕಬೇಕಾಯಿತು. ಬೆಂಗಳೂರು ಮುಟ್ಟಿದಾಗ 2019ರ ಜೂನ್. ನಡೆದು ಬರುವವನು ಎರಡು ವಾರದಲ್ಲಿ ಮುಗಿಸಬಹುದಾದ ಹಾದಿಗೆ ಆರು ತಿಂಗಳು! ಸೀಸರನ ಶಾಸನವೇ ಜಾರಿಯಲ್ಲಿದ್ದಿದ್ದರೂ ಈ ಗಾಡಿಗೆ ವಿನಾಯಿತಿ ಸಿಗುತ್ತಿತ್ತು.

ಈಗ ನಾಲ್ಕನೆಯ ಗೆರೆ ಬಿದ್ದಿದೆ. ಡಾಬಸ್‌ಪೇಟೆಯಲ್ಲಿ ತುಮಕೂರು ಹೆದ್ದಾರಿಯನ್ನು ಬಿಟ್ಟು ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೇಲೆ ಹೊಸಕೋಟೆ ಸೇರುವ ಉಪಗ್ರಹ ಪಟ್ಟಣಗಳ ವರ್ತುಲ ರಸ್ತೆಯ ಭಾಗ ಸಂಚಾರಕ್ಕೆ ತೆರೆದಿದೆ. ಪೂರ್ತಿಯಾದರೆ ಅದರ ಸುತ್ತಳತೆ ಸುಮಾರು 280 ಕಿಲೋಮೀಟರ್. ಪುಣೆಯಿಂದ ಚೆನ್ನೈಗೆ ಹೋಗುವ ಟ್ರೇಲರ್ ಇನ್ನು ಪೀಣ್ಯವನ್ನು ನೋಡಬೇಕಾಗಿಲ್ಲ. ಬಸವೇಶ್ವರನಗರದ ಕಿರಾಣಿ ಅಂಗಡಿಗೆ ಅಕ್ಕಿ ತರುವ, ಕಟ್ಟಡಕ್ಕೆ ಸಿಮೆಂಟು ತರುವ ಲಾರಿ ಬರುವುದು ಮಾತ್ರ ಬಸವೇಶ್ವರನಗರಕ್ಕೇ. ಅದಕ್ಕೆ ಯಾವ ವರ್ತುಲವೂ ಉತ್ತರವಲ್ಲ. ಡಾಬಸ್‌ಪೇಟೆ, ದೇವನಹಳ್ಳಿಗಳ ಹೊಸ ರಸ್ತೆಯ ಬದಿಯಲ್ಲಿ ನಿವೇಶನಗಳ ಜಾಹೀರಾತು ಫಲಕಗಳಂತೂ ಆಗಲೇ ಎದ್ದಿವೆ.

ಈ ಕಥೆಯನ್ನೆಲ್ಲ ಒಂದೇ ರಸ್ತೆಯಲ್ಲಿ ನೋಡಬೇಕೆನ್ನುವವರು ಮಾಗಡಿ ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಡಬಹುದು. 1638ರಲ್ಲಿ ಬೆಂಗಳೂರು ಬಿಜಾಪುರದ ಪಾಲಾದಾಗ ಕೆಂಪೇಗೌಡರ ವಂಶದವರು ನೆಲೆ ಕಂಡುಕೊಂಡ ಮಾಗಡಿಗೆ ಹೋಗುವ ದಾರಿ ಅದು. ಕಾರ್ಡ್ ರಸ್ತೆ ಅಡ್ಡಬರುವ ಕಡೆ ‘ಟೋಲ್‌ಗೇಟ್’ ಇದೆ. ಅಲ್ಲೀಗ ಗೇಟೂ ಇಲ್ಲ ಟೋಲೂ ಇಲ್ಲ, ಬಸ್ ನಿಲ್ದಾಣದ ಹೆಸರಿದೆ. ಪೇಟೆಯೊಳಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ತೆರಿಗೆಯನ್ನೂ ಕರ್ನಾಟಕ 1979ರಲ್ಲಿ ಕೈಬಿಟ್ಟಿತು. ಮುಂದೆ ಸುಮನಹಳ್ಳಿಯಲ್ಲಿ ಹೊರವರ್ತುಲ ರಸ್ತೆ ದಾಟಿ ಇನ್ನಷ್ಟು ಹೋದರೆ ಸಿಕ್ಕುವ ಊರಿನ ಹೆಸರು ಸುಂಕದಕಟ್ಟೆ. ಇಂಗ್ಲಿಷಿನ ‘ಟೋಲ್‌ಗೇಟ್’ ಹೇಳುವುದನ್ನೇ ಈ ಹೆಸರು ಅಚ್ಚಕನ್ನಡದಲ್ಲಿ ಹೇಳುತ್ತದೆ. ಸುಂಕದವನು ಕುಳಿತು ಬಂಡಿಗಳನ್ನು ತಡೆಯುತ್ತಿದ್ದ ಕಟ್ಟೆಯ ಹೆಸರು ಹೊತ್ತ ಊರಿನಲ್ಲಿ ಇಂದು ಸಾಲು ಮನೆಗಳು, ಸಿದ್ಧ ಉಡುಪಿನ ಘಟಕಗಳು. ಅದನ್ನೂ ದಾಟಿ ಮುಂದೆ ಹೋದರೆ ನೈಸ್ ರಸ್ತೆ. ಅಲ್ಲಿ ಗೇಟೂ ಇದೆ, ಸುಂಕವೂ ಇದೆ, ಸರದಿಯಲ್ಲಿ ನಿಂತ ಲಾರಿಗಳೂ ಇವೆ. ಗೇಟಿನ ಆಚೆಗೆ ಹೊಸ ಬಡಾವಣೆಗಳ ಕಮಾನುಗಳು.